ಬಾಗಿಲಿಗೆ ಕಟ್ಟಿದ ಭಯ

ಪಾಲಾಕ್ಷಪ್ಪ ಎಂಬ ಕಂಬಳಿ ವ್ಯಾಪಾರಿ ಇದ್ದ. ಒಳ್ಳೆಯವನು, ದುಡಿಯುವವನು, ಯಾರ ತಂಟೆಗೂ ಹೋಗದವನು. ಆದರೆ ಮಹಾ ಪುಕ್ಕಲ. ಬೆಕ್ಕು ಅಡ್ಡ ಬಂದರೆ ಬೇರೆ ಓಣಿ ಹಿಡಿದು ಅಂಗಡಿಗೆ ಹೋಗುತ್ತಿದ್ದ. ಗಿರಾಕಿ ಯಾರಾದರೂ "ವ್ಯಾಪಾರ ಜೋರೈತಲ್ರೀ" ಎಂದರೆ ಮುಗಿಯಿತು, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವರೆಗೆ ಅವನಿಗೆ ಸಮಾಧಾನವಿಲ್ಲ. ಇಂಥವರು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಈಗಲೇ ನಗಬೇಡಿ, ಈ ಕಥೆ ಮುಂದೆ ನಗುವ ಹಾಗಿಲ್ಲ.

ಅವನ ಮನೆ ಕೋಟೆಯ ಕೆಳಗೆ, ಗುಡ್ಡದ ಇಳಿಜಾರಿನಲ್ಲಿತ್ತು. ಆ ಓಣಿಗೆ ರಸ್ತೆಯಿಲ್ಲ, ಬರೀ ಕಲ್ಲಿನ ಮೆಟ್ಟಿಲು. ಸೈಕಲ್ಲನ್ನು ಕೂಡ ಹೆಗಲ ಮೇಲೆ ಹೊತ್ತೇ ಹತ್ತಬೇಕು. ಮನೆ ಮಾತ್ರ ಲಕ್ಷಣವಾಗಿತ್ತು. ದೊಡ್ಡ ಕಿಟಕಿಗಳು, ಒಳ್ಳೆಯ ಗಾಳಿ, ಬೇಸಿಗೆಯಲ್ಲೂ ತಂಪು, ನಲ್ಲಿಯಲ್ಲಿ ತಪ್ಪದೆ ನೀರು. ಅಂಥ ಮನೆಯನ್ನು ಮಾರಬೇಕಾಗಿ ಬಂತು. ಯಾಕೆಂದರೆ ಅವನ ಹೆಂಡತಿ ಹಾಲಮ್ಮನ ಎದೆ ಸೋಲುತ್ತಿತ್ತು.

"ಇವರು ಇನ್ನು ಮೆಟ್ಟಿಲು ಹತ್ತಬಾರದು" ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. "ಮನೆ ಬದಲಾಯಿಸಿ. ಏನಾದರೂ ಆದರೆ ನಿಮ್ಮ ಬಾಗಿಲಿಗೆ ಆಂಬ್ಯುಲೆನ್ಸ್ ಇರಲಿ, ಆಟೋ ಕೂಡ ಬರುವುದಿಲ್ಲ. ಇವರ ಎದೆ ಅಷ್ಟು ಹೊತ್ತು ಕಾಯುವುದಿಲ್ಲ."

ಕೆಳಪೇಟೆಯಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಒಂದು ಸಣ್ಣ ಮನೆ ಸಿಕ್ಕಿತು. ದೀಪಾವಳಿಯವರೆಗೆ ಕಾಯುತ್ತೇನೆ ಎಂದು ಅದರ ಯಜಮಾನ ಒಪ್ಪಿದ. ಅಷ್ಟರೊಳಗೆ ಗುಡ್ಡದ ಮನೆ ಮಾರಾಟವಾಗಬೇಕು. ಅಲ್ಲಿಯವರೆಗೆ ಕೆಳಗೆ ಬಾಡಿಗೆ ಮನೆಯಲ್ಲಿರೋಣ ಎಂದಳು ಹಾಲಮ್ಮ. ಪಾಲಾಕ್ಷಪ್ಪ ಒಪ್ಪಲಿಲ್ಲ. ಬೀಗ ಹಾಕಿದ ಮನೆಗೆ ಬೇರೆ ಏನಾದರೂ ಬಂದು ಸೇರಿಕೊಂಡರೆ?

ಮನೆ ಮಾರಾಟಕ್ಕಿದೆ ಎಂದು ದಲ್ಲಾಳಿ ಕೊಟ್ರೇಶಿಗೆ ಹೇಳಿದ ದಿನವೇ ಪಾಲಾಕ್ಷಪ್ಪನಿಗೆ ಹೊಸ ಚಿಂತೆ ಹತ್ತಿತು. ಇನ್ನು ಮೇಲೆ ಕಂಡಕಂಡವರೆಲ್ಲ ಬಂದು ಮನೆ ನೋಡುತ್ತಾರೆ. ಅಡುಗೆಮನೆ ನೋಡುತ್ತಾರೆ, ದೇವರ ಕೋಣೆ ನೋಡುತ್ತಾರೆ. ಎಷ್ಟು ಜನರ ಕಣ್ಣು! ಅದರಲ್ಲಿ ಒಂದು ಕೆಟ್ಟ ಕಣ್ಣಾದರೆ ಹಾಲಮ್ಮನ ಗತಿಯೇನು? ಅವನು ನೇರವಾಗಿ ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಗೆ ಹೋಗಿ ಬೂದುಗುಂಬಳಕಾಯಿ ತಂದು ಬಾಗಿಲ ಮೇಲೆ ತೂಗುಹಾಕಿದ.

ಅಷ್ಟಕ್ಕೇ ನಿಲ್ಲಿಸಿದ್ದರೆ ತೊಂದರೆಯಿರಲಿಲ್ಲ. ಕುಂಬಳಕಾಯಿ ಯಾರ ಮನೆ ಮುಂದೆ ಇಲ್ಲ ಹೇಳಿ? ಆದರೆ ಮೊದಲ ವಾರ ಮನೆ ನೋಡಲು ಯಾರೂ ಬರಲಿಲ್ಲ. ದೂರದ ಬಡಾವಣೆಯವರು ಮೆಟ್ಟಿಲು ನೋಡಿಯೇ ಬೇಡವೆಂದರು ಎಂದು ಕೊಟ್ರೇಶಿ ತಿಳಿಸಿದ. ಪಾಲಾಕ್ಷಪ್ಪ ನಂಬಲಿಲ್ಲ. ಯಾರೋ ಮಾಟ ಮಾಡಿಸಿ ಕಟ್ಟು ಹಾಕಿಸಿದ್ದಾರೆ, ಅದಕ್ಕೇ ಜನ ಬರುತ್ತಿಲ್ಲ ಎಂದುಕೊಂಡ. ಮತ್ತೆ ಅದೇ ಅಂಗಡಿಗೆ ಹೋದ. ಈ ಸಲ ದೃಷ್ಟಿಗೊಂಬೆ ಬಂತು. ಕೆಂಪು ನಾಲಿಗೆ ಎದೆಯವರೆಗೆ ಇಳಿಬಿಟ್ಟ, ಕೋರೆಹಲ್ಲಿನ ರಾಕ್ಷಸನ ಮುಖ. ಅದರ ಹಿಂದೆಯೇ ಕರಿಬಟ್ಟೆಯಲ್ಲಿ ಕಟ್ಟಿದ ಪಟಿಕ, ನಿಂಬೆಹಣ್ಣಿನ ಸರ, ಹಳೇ ಚಪ್ಪಲಿ, ಕುದುರೆ ಲಾಳ ಎಲ್ಲ ಬಂದವು. ಅಂಗಡಿಯವನು ಬೇಡ ಎನ್ನುತ್ತಾನೆಯೇ? ಅವನಿಗೆ ಅದೇ ಹಬ್ಬ.

ನಾಲ್ಕು ಮನೆ ಆಚೆ ಡ್ರಿಲ್ ಮೇಷ್ಟ್ರು ಚಂದ್ರಹಾಸ ಬಾಡಿಗೆಗೆ ಇದ್ದರು. ಅವರು ಸ್ವಂತ ಮನೆಗಾಗಿ ಊರೆಲ್ಲ ಹುಡುಕುತ್ತಿದ್ದರು. ಮೆಟ್ಟಿಲು ಅವರಿಗೆ ಲೆಕ್ಕಕ್ಕಿಲ್ಲ, ದಿನಾ ಬೆಳಿಗ್ಗೆ ಕೋಟೆಗೆ ಓಡಿ ಹತ್ತುವ ಆಸಾಮಿ. ಒಂದು ದಿನ ಮನೆ ನೋಡೋಣವೆಂದು ಹೆಂಡತಿಯನ್ನು ಕರೆದುಕೊಂಡು ಹೊರಟರು. ಅವತ್ತು ಪಾಲಾಕ್ಷಪ್ಪ ಹೊಸ್ತಿಲ ಮುಂದೆ ಕುಂಬಳಕಾಯಿ ಒಡೆದು ಕುಂಕುಮ ಸುರಿದಿದ್ದ. ಕೆಂಪು ನೀರು ಮೆಟ್ಟಿಲ ಮೇಲೆ ಹರಿದು ಹೆಪ್ಪುಗಟ್ಟಿತ್ತು. ಮೇಷ್ಟ್ರ ಹೆಂಡತಿ ಅಲ್ಲಿಂದಲೇ ತಿರುಗಿದಳು.

"ಇಷ್ಟೆಲ್ಲ ಕಟ್ಟಿದಾರೆ ಅಂದ್ರೆ ಒಳಗೆ ಏನೋ ಐತೆ ರೀ. ಸುಮ್‌ಸುಮ್ನೆ ಯಾರು ಕಟ್ತಾರೆ? ನಂಗೆ ಈ ಮನೆ ಬ್ಯಾಡ."

ಮಾತು ನಲ್ಲಿಕಟ್ಟೆಗೆ ಹೋಯಿತು. ನಲ್ಲಿಕಟ್ಟೆಯಿಂದ ಸಂತೆಗೆ ಇಳಿಯಿತು. ಇಳಿಯುತ್ತಾ ಬೆಳೆಯಿತು. ಆ ಮನೆಯಲ್ಲಿ ಯಾರೋ ಅತ್ತ ಹಾಗೆ ಕೇಳುತ್ತದಂತೆ. ಆ ಹೆಂಗಸಿಗೆ ಬಂದಿರುವುದು ಕಾಯಿಲೆಯಲ್ಲವಂತೆ. ಮಕ್ಕಳು ಆ ಬಾಗಿಲು ಬಂದಾಗ ಕಣ್ಣು ಮುಚ್ಚಿಕೊಂಡು ಓಡತೊಡಗಿದರು. ಹಾಲು ಹಾಕುವವನು ಪಾತ್ರೆಯನ್ನು ಕೆಳಗಿನ ಮೆಟ್ಟಿಲಲ್ಲೇ ಇಟ್ಟು ಹೋಗತೊಡಗಿದ. ಎದುರುಮನೆ ದ್ಯಾಮಕ್ಕ, ಹಾಲಮ್ಮನ ಜೊತೆ ದಿನಾ ಮಜ್ಜಿಗೆ, ಸಾರು ಕೊಟ್ಟು ತಗೊಂಡು ಮಾಡುತ್ತಿದ್ದವಳು, ಅವಳು ಕೂಡ ಬರುವುದನ್ನು ಬಿಟ್ಟಳು.

ಒಂದು ದಿನ ಪಾಲಾಕ್ಷಪ್ಪ ಕೆಳಪೇಟೆಯ ಕ್ಷೌರದಂಗಡಿಯಲ್ಲಿ ಕೂತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ಅಪರಿಚಿತನೊಬ್ಬ ಕ್ಷೌರಿಕನಿಗೆ ಹೇಳುತ್ತಿದ್ದ: "ಕೋಟೆ ಕೆಳಗೊಂದು ಮನೆ ಐತಂತೆ. ಒಳಗೆ ಹೋದೋರು ಉಳಿಯಲ್ವಂತೆ. ಪಾಪ, ಅದರ ಯಜಮಾನನೇ ಹೆದರಿ ಸಾಯ್ತಾ ಅದಾನಂತೆ."

ಪಾಲಾಕ್ಷಪ್ಪ ಕುರ್ಚಿಯಿಂದ ಎದ್ದುಬಿಟ್ಟ. ಮಕ್ಕಳೇ, ಅವನು ಏನು ಯೋಚಿಸಬೇಕಿತ್ತು? ಈ ಪುಕಾರು ಹುಟ್ಟಿದ್ದು ನನ್ನ ಬಾಗಿಲಿನಿಂದಲೇ ಎಂದು ಯೋಚಿಸಬೇಕಿತ್ತು. ಅವನು ಹಾಗೆ ಯೋಚಿಸಲಿಲ್ಲ. ನನ್ನ ಅನುಮಾನ ನಿಜ, ಊರಿಗೇ ಗೊತ್ತಾಗಿದೆ, ಮನೆಯಲ್ಲಿ ಏನೋ ಇದೆ ಎಂದುಕೊಂಡ! ತಾನೇ ಹಚ್ಚಿದ ಬೆಂಕಿಯ ಹೊಗೆ ಕಂಡು ತಾನೇ ಓಡಿದ. ಅರ್ಧ ಗಡ್ಡ ಹಾಗೇ ಬಿಟ್ಟು ಗ್ರಂಥಿಗೆ ಅಂಗಡಿಗೆ ಹೋಗಿ ಇನ್ನೂ ದೊಡ್ಡ ಗೊಂಬೆ ತಂದ.

ಕೊಟ್ರೇಶಿ ಅದನ್ನು ನೋಡಿ ತಲೆ ಚಚ್ಚಿಕೊಂಡ. "ಯಜಮಾನ್ರೇ, ಕೈ ಮುಗೀತೀನಿ, ಇವನ್ನೆಲ್ಲ ಇಳ್ಸಿ. ಮೆಟ್ಟಿಲಿಗೆ ಹೆದರದೇ ಇರೋ ಗಿರಾಕೀನ ನಾನು ಹುಡುಕಿ ತರ್ತೀನಿ. ಈ ಮುಖಕ್ಕೆ ಹೆದರದೇ ಇರೋರ್ನ ಎಲ್ಲಿಂದ ತರ್ಲಿ?"

"ಇಳಿಸಿದ ಮೇಲೆ ಏನಾದ್ರೂ ಆದ್ರೆ ನೀನು ಜವಾಬ್ದಾರೀನೇನಪ್ಪಾ?" ಎಂದ ಪಾಲಾಕ್ಷಪ್ಪ. ಕೊಟ್ರೇಶಿ ಮೆಟ್ಟಿಲು ಇಳಿದು ಹೋದ. ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಪಾಪ, ಹಾಲಮ್ಮ. ಮೊದಲು ಅವಳಿಗೆ ಈ ಗೊಂಬೆಗಳೆಂದರೆ ನಗು. ಈಗ ಇಡೀ ದಿನ ಒಬ್ಬಳೇ. ಮಾತಾಡಿಸಲು ಯಾರೂ ಇಲ್ಲ. ಬಿಸಿಲು ವಾಲಿದಾಗ ಗೊಂಬೆಯ ನೆರಳು ಹೊಸ್ತಿಲು ದಾಟಿ ನಡುಮನೆಯವರೆಗೆ ಬರುತ್ತಿತ್ತು. ಗಾಳಿಗೆ ನೆರಳು ಅಲ್ಲಾಡಿದರೆ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸೋತ ಎದೆಗೆ ಅದು ಒಳ್ಳೆಯದಲ್ಲ ಎಂದು ಅವಳಿಗೂ ಗೊತ್ತಿತ್ತು, ಆದರೆ ಭಯ ಹೇಳಿದ ಮಾತು ಕೇಳುತ್ತದೆಯೇ?

"ರೀ, ಅದು ಹೊರಗೆ ನೋಡ್ತಾ ಐತೋ, ಒಳಗೆ ನೋಡ್ತಾ ಐತೋ?" ಎಂದು ಒಂದು ಸಂಜೆ ಕೇಳಿದಳು.

"ಹೊರಗೇ ಕಣೆ. ನಮ್ಮನ್ನ ಕಾಯ್ತಾ ಐತೆ."

"ಯಾರಿಂದ?"

ಪಾಲಾಕ್ಷಪ್ಪ ಬಾಯಿ ತೆರೆದ. ಒಂದು ಹೆಸರೂ ಹೊಳೆಯಲಿಲ್ಲ. ಹೆಸರಿಲ್ಲದ್ದರಿಂದ ಅವನಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ದೀಪಾವಳಿ ಹತ್ತಿರ ಬಂತು. ಅದಕ್ಕೂ ಮುಂಚಿನ ಅಮಾವಾಸ್ಯೆ ಭಾನುವಾರವೇ ಬಿತ್ತು. ಭಾನುವಾರದ ಅಮಾವಾಸ್ಯೆ ಬಹಳ ಕೆಟ್ಟದ್ದು, ಗಟ್ಟಿ ಪೂಜೆ ಆಗಬೇಕು ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ನಡು ಮಧ್ಯಾಹ್ನ ಪಾಲಾಕ್ಷಪ್ಪ ಹೊಸ್ತಿಲಲ್ಲಿ ಕುಂಬಳಕಾಯಿ ಒಡೆದ. ಕುಂಕುಮದ ನೀರಿನಲ್ಲಿ ಎರಡೂ ಕೈ ಅದ್ದಿ ಬಾಗಿಲಿಗೆ ಹಚ್ಚಿದ. ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲು ಹಾಕಿ, ಒಳಗೆ ಕೆಂಡದ ಮೇಲೆ ಲೋಬಾನ ಸುರಿದ. ಮನೆ ತುಂಬ ಹೊಗೆ.

"ಬಾಗಿಲು ತೆಗೀರಿ. ಉಸಿರು ಹಿಡೀತೈತೆ" ಎಂದಳು ಹಾಲಮ್ಮ.

"ಹೊಗೆ ತಾನಾಗೇ ಆರಬೇಕು. ಅಲ್ಲೀವರೆಗೆ ತೆಗೀಬಾರ್ದು. ಸ್ವಲ್ಪ ತಡ್ಕೊ."

ಅವಳು ತಡೆದುಕೊಂಡಳು. ತಡೆದುಕೊಂಡು ಗೋಡೆ ಹಿಡಿದಳು. ಆಮೇಲೆ ಗೋಡೆಯಿಂದ ಕೈ ಜಾರಿ ಕೆಳಗೆ ಬಿದ್ದಳು.

ಪಾಲಾಕ್ಷಪ್ಪ ಫೋನು ಮಾಡಿದ. ಆಂಬ್ಯುಲೆನ್ಸ್ ಮೆಟ್ಟಿಲ ಬುಡದವರೆಗೆ ಬರುತ್ತದೆ, ಅಲ್ಲಿಗೆ ಎತ್ತಿಕೊಂಡು ಬನ್ನಿ ಎಂದರು. ಅವನು ಅವಳನ್ನು ಎತ್ತಲು ನೋಡಿದ. ಆಗಲಿಲ್ಲ. ಬಾಗಿಲು ತೆಗೆದು ಓಣಿಗೆ ಓಡಿಬಂದ.

"ಬರ್ರಪ್ಪೋ! ಹಾಲಮ್ಮ ಬಿದ್ದಳು! ಯಾರಾದ್ರೂ ಬರ್ರೋ!"

ಭಾನುವಾರ, ಎಲ್ಲರೂ ಮನೆಯಲ್ಲೇ ಇದ್ದರು. ಎಲ್ಲರೂ ಹೊರಗೆ ಇಣುಕಿದರು. ಅವರಿಗೆ ಕಂಡದ್ದೇನು? ಆ ಮನೆಯಿಂದ ದಟ್ಟ ಹೊಗೆ ಬರುತ್ತಿದೆ. ಬಾಗಿಲಲ್ಲಿ ಕೆಂಪು ಕೈಗುರುತು. ಗಡ್ಡ ಕೆದರಿದ ಮನುಷ್ಯ, ಮೊಣಕೈವರೆಗೆ ಕೆಂಪಾದ ಕೈ ಚಾಚಿ, ಒಳಗೆ ಬನ್ನಿ ಒಳಗೆ ಬನ್ನಿ ಎಂದು ಕಿರುಚುತ್ತಿದ್ದಾನೆ.

ಮೊದಲು ಒಂದು ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ಇನ್ನೊಂದು. ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಡ್ರಿಲ್ ಮೇಷ್ಟ್ರು ತಮ್ಮ ಬಾಗಿಲಲ್ಲಿ ಬೆವರುತ್ತಾ ನಿಂತಿದ್ದರು. ಅಷ್ಟು ದೊಡ್ಡ ಆಳು, ಒಂದು ಹೆಜ್ಜೆ ಮುಂದಿಡಲಿಲ್ಲ.

"ದ್ಯಾಮಕ್ಕಾ!" ಎಂದು ಅವನು ಎದುರುಮನೆ ಕಿಟಕಿಗೆ ಕೂಗಿದ.

"ಆ ಹೊಸ್ತಿಲು ದಾಟಾಕೆ ನಂಗೆ ಧೈರ್ಯ ಇಲ್ಲ ಪಾಲಾಕ್ಷಣ್ಣ" ಎಂದು ಕಿಟಕಿಯ ಹಿಂದಿನಿಂದ ಅಳುವ ದನಿ ಬಂತು. "ಅದು ಇವತ್ತು ಹಾಲಮ್ಮನ್ನ ಹಿಡ್ಕೊಂಡೈತೆ. ನಂಗೂ ಮಕ್ಕಳವೆ."

ಅದು! ಯಾವುದು? ಪಾಲಾಕ್ಷಪ್ಪ ತಿರುಗಿ ತನ್ನ ಮನೆಯನ್ನು ನೋಡಿದ. ಅಷ್ಟು ತಿಂಗಳಲ್ಲಿ ಮೊದಲ ಸಲ, ಓಣಿಯವರು ನೋಡುವ ಜಾಗದಲ್ಲಿ ನಿಂತು ನೋಡಿದ. ನಾಲಿಗೆ ಚಾಚಿದ ಎರಡು ಮುಖ, ಕರಿಗಂಟು, ಚಪ್ಪಲಿ, ಮೆಟ್ಟಿಲ ಮೇಲೆ ಹರಿದ ಕೆಂಪು. ಆ ಮನೆಗೆ ಅವನೇ ಹೋಗುತ್ತಿರಲಿಲ್ಲ. ಕಾಸು ಕೊಟ್ಟರೂ ಹೋಗುತ್ತಿರಲಿಲ್ಲ.

ಒಳಗೆ ಹಾಲಮ್ಮ ಉಸಿರಿಗೆ ಒದ್ದಾಡುತ್ತಿದ್ದಳು. ಇಳಿಸಿದರೆ ಏನಾಗುತ್ತದೋ ಎಂಬ ಹೆದರಿಕೆ ಅವನನ್ನು ಆಗಲೂ ಬಿಟ್ಟಿರಲಿಲ್ಲ. ಆದರೂ ಗೊಂಬೆಯ ನಾಲಿಗೆ ಹಿಡಿದು ಜಗ್ಗಿದ. ಒಂದು ಬಿತ್ತು, ಇನ್ನೊಂದೂ ಬಿತ್ತು. ನಿಂಬೆ ಸರ, ಕರಿಗಂಟು, ಲಾಳ ಎಲ್ಲ ಕಿತ್ತು ಮೆಟ್ಟಿಲ ಕೆಳಗೆ ಎಸೆದ. ಹೆಗಲ ಮೇಲಿನ ಟವೆಲ್ಲಿನಿಂದ ಹೊಸ್ತಿಲ ಕೆಂಪು ಒರೆಸಿದ. ಎದ್ದು ನಿಂತು ಕೂಗಿದ:

"ಒಳಗೆ ಏನೂ ಇಲ್ರಪ್ಪೋ! ಯಾವತ್ತೂ ಇರ್ಲಿಲ್ಲ! ನಾನು ಹೆದರಿ ಕಟ್ಟಿದ್ದು ಇವೆಲ್ಲ. ನಿಮ್ಮನ್ನೂ ಹೆದರಿಸಿದೆ. ತಪ್ಪಾಯ್ತು, ಬರ್ರಿ!"

ಎದುರುಮನೆಯ ಚಿಲಕ ತೆಗೆದ ಸದ್ದಾಯಿತು. ದ್ಯಾಮಕ್ಕ ಬಂದಳು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ದಾಟಿಯೇ ಬಿಟ್ಟಳು. ಒಳಗೆ ಹೋದವಳೇ ಕಿಟಕಿಗಳನ್ನೆಲ್ಲ ಧಡಧಡ ತೆಗೆದಳು. ಅವಳು ಹೋದದ್ದನ್ನು ಕಂಡು ಮೇಷ್ಟ್ರು ಓಡಿಬಂದರು. ಮೇಷ್ಟ್ರ ಹಿಂದೆ ಇನ್ನಷ್ಟು ಜನ ಬಂದರು. ಹಾಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಟವೆಲ್ಲು ಬಿಗಿದು, ಕೈ ಬದಲಿಸುತ್ತಾ ಮೆಟ್ಟಿಲು ಇಳಿಸಿದರು. ಪಾಲಾಕ್ಷಪ್ಪ ಅವಳ ಕಾಲು ಹಿಡಿದುಕೊಂಡು ಹಿಮ್ಮುಖವಾಗಿ ಇಳಿದ. ದಾರಿಯುದ್ದಕ್ಕೂ ಅವಳ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಹಾಲಮ್ಮ ಉಳಿದಳು. "ಇನ್ನು ಸ್ವಲ್ಪ ತಡವಾಗಿದ್ದರೆ ನಾನೇನೂ ಮಾಡುವ ಹಾಗಿರಲಿಲ್ಲ" ಎಂದರು ಡಾಕ್ಟರಮ್ಮ. ತಡವಾದದ್ದಕ್ಕೆ ಅವಳ ಎದೆ ಬೆಲೆ ತೆತ್ತಿತ್ತು. ಇನ್ನು ಮೇಲೆ ಅವಳು ನಾಲ್ಕು ಹೆಜ್ಜೆಗೆ ಒಮ್ಮೆ ಕೂರಬೇಕು. ಗುಡ್ಡದ ಮನೆಯನ್ನು ಮತ್ತೆ ಕಣ್ಣಿಂದ ನೋಡುವುದೂ ಆಗುವುದಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಡ್ರಿಲ್ ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಮೆಲ್ಲಗೆ ಕೇಳಿದರು: "ಪಾಲಾಕ್ಷಣ್ಣ, ಈಗ ಕೇಳಬಾರ್ದು, ಆದ್ರೂ ಕೇಳ್ತೀನಿ. ಕಿಟಕಿ ತೆಗೆದಾಗ ಒಳಗೆ ನೋಡಿದೆ. ಅಷ್ಟು ಬೆಳಕು, ಅಷ್ಟು ಗಾಳಿ! ನಾವು ಊರೆಲ್ಲ ಅಲೆದ್ವಿ. ಮನೆ ಇನ್ನೂ ಕೊಡೋದೈತಾ?"

ಕೊಡುವುದಿತ್ತು. ದೀಪಾವಳಿಗೆ ಮುಂಚೆಯೇ ಮಾತು ಮುಗಿಯಿತು.

ಆದರೆ ಅದಕ್ಕೂ ಮೊದಲು, ಅವತ್ತು ಸಂಜೆಯೇ, ಹಾಲಮ್ಮ ಕಣ್ಣು ಬಿಟ್ಟಳು. ಪಕ್ಕದಲ್ಲಿ ಗಂಡ ಕೂತಿದ್ದ. ಕುಂಕುಮ ಇನ್ನೂ ಉಗುರಿನ ಸಂದಿಯಲ್ಲಿತ್ತು.

"ನನ್ನ ಯಾರು ಹೊತ್ಕೊಂಡು ಬಂದ್ರು?" ಎಂದು ಕೇಳಿದಳು.

"ದ್ಯಾಮಕ್ಕ ಬಂದಳು. ಮೇಷ್ಟ್ರು, ಅವರ ಮನೆ ಮಹಡಿ ಮೇಲಿನೋರು, ಹಾಲಿನೋನು. ಓಣಿಯೋರೆಲ್ಲ ಬಂದ್ರು ಕಣೆ."

ಹಾಲಮ್ಮ ಅವನನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಇವರ ಕಣ್ಣು ಬೀಳ್ತೈತೆ ಅಂತ್ಲೇ ಅಲ್ವೇನ್ರೀ, ನೀವು ಇಷ್ಟು ದಿನ ಹೆದರಿದ್ದು?"

ಪಾಲಾಕ್ಷಪ್ಪ ಅವಳ ಕೈಗೆ ಹಣೆ ಒತ್ತಿ, ಮಗುವಿನ ಹಾಗೆ ಅತ್ತುಬಿಟ್ಟ.

ನೀತಿ: ಭಯದಿಂದ ಹಾಕಿದ ಕಾವಲು ಕೆಟ್ಟದ್ದನ್ನು ತಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಕಷ್ಟಕ್ಕೆ ಆಗುವವರನ್ನು ಅದು ಖಂಡಿತ ಬಾಗಿಲಾಚೆಯೇ ನಿಲ್ಲಿಸುತ್ತದೆ. ನಮ್ಮ ಮನೆಗೆ ಯಾರೂ ಬರುತ್ತಿಲ್ಲವೆಂದು ಊರನ್ನು ದೂರುವ ಮುಂಚೆ, ಒಮ್ಮೆ ಓಣಿಯಲ್ಲಿ ನಿಂತು ನಮ್ಮ ಬಾಗಿಲನ್ನು ನಾವೇ ನೋಡಿಕೊಳ್ಳಬೇಕು.