ಸೋಡಾ ಗಾಡಿಯ ಆಯಿಲ್

"ಗುರುಗಳೇ, ಇನ್ನೂ ಎಷ್ಟು ದಿನ ಕೂರಬೇಕು?"

ಶಿಷ್ಯ ಕೇಳಿದ. ಕೇಳಿದ್ದರಲ್ಲಿ ಸಿಟ್ಟೂ ಇತ್ತು.

"ನನ್ನ ತಮ್ಮ ಸತ್ತು ಒಂದೂವರೆ ವರ್ಷವಾಯಿತು. ದುಃಖ ಕಳೆದುಕೊಳ್ಳಬೇಕೆಂದು ನಿಮ್ಮ ಹತ್ತಿರ ಬಂದೆ. ಮಂತ್ರ ಕೊಟ್ಟಿರಿ, ಜಪಿಸಿದೆ. ಉಪವಾಸ ಇರು ಎಂದಿರಿ, ಇದ್ದೆ. ಎರಡು ದಿನ ಹಗುರ ಅನ್ನಿಸುತ್ತದೆ. ಮೂರನೆಯ ದಿನ ನೋಡಿದರೆ ಮತ್ತೆ ಅಷ್ಟೇ ತುಂಬಿರುತ್ತದೆ. ಮನೆಯಿಂದ ಫೋನ್ ಬಂದರೆ ಎತ್ತುವುದಿಲ್ಲ. ಅವನ ಸುದ್ದಿ ಬರುವ ಕಡೆ ಹೋಗುವುದಿಲ್ಲ. ಇಷ್ಟು ಜೋಪಾನವಾಗಿದ್ದರೂ ಹೀಗೇಕೆ?"

ಗುರು ಹೇಳಿದರು:

ಒಬ್ಬ ಸೋಡಾ ವ್ಯಾಪಾರಿ ಇದ್ದ. ಮನೆಯ ಹಿಂದೆ ಸೋಡಾ ತುಂಬುವ ಮೆಷಿನ್ ಇಟ್ಟುಕೊಂಡಿದ್ದ. ಹೆಂಡತಿ ಬಾಟಲಿ ತೊಳೆದು ಕೊಡುವಳು, ಇವನು ತುಂಬುವನು. ಅವನಿಗೆ ಮಾತು ಕಡಿಮೆ. ವ್ಯಾಪಾರದ ಮಾತೆಲ್ಲ ಅವಳದೇ.

ಇಬ್ಬರೂ ಸೇರಿ ಒಂದು ಸಣ್ಣ ಲಾರಿ ಕೊಂಡರು. ಪೆಟ್ರೋಲ್ ಗಾಡಿ, ಹೊಚ್ಚ ಹೊಸದು. ಪ್ರತಿ ಗುರುವಾರ ಕ್ರೇಟು ಏರಿಸಿಕೊಂಡು ಮೂವತ್ತೆಂಟು ಕಿಲೋಮೀಟರ್ ದೂರದ ಸಂತೆಗೆ ಹೋಗುತ್ತಿದ್ದರು. ಅವನು ಓಡಿಸುತ್ತಿದ್ದ. ಅವಳು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಸಂತೆಯಲ್ಲಿ ಅವಳನ್ನು ಸೋಡಾ ಅಕ್ಕ ಎಂದು ಕರೆಯುತ್ತಿದ್ದರು. ಅವನನ್ನು ಯಾರೂ ಏನೂ ಕರೆಯುತ್ತಿರಲಿಲ್ಲ.

ಆರು ತಿಂಗಳು ಗಾಡಿ ಒಂದು ಮಾತೂ ಆಡದೆ ಓಡಿತು. ಆಮೇಲೆ ಶ್ರಾವಣದಲ್ಲಿ ಹೆಂಡತಿಗೆ ಜ್ವರ ಬಂತು. ಎರಡು ದಿನದ ಜ್ವರ. ಮೂರನೆಯ ದಿನ ಅವಳಿರಲಿಲ್ಲ.

ತಿಥಿ ಮುಗಿದ ಮೇಲೆ ವ್ಯಾಪಾರಿ ಗಾಡಿ ತೆಗೆದ. ಊರೊಳಗಿನ ಅಂಗಡಿಗಳಿಗಷ್ಟೇ ಸೋಡಾ ಹಾಕತೊಡಗಿದ. ಒಂದು ಅಂಗಡಿಯ ಮುಂದೆ ನಿಲ್ಲಿಸಿ ಆಫ್ ಮಾಡುವುದು, ಎರಡು ಕ್ರೇಟು ಇಳಿಸುವುದು, ಮತ್ತೆ ಸ್ಟಾರ್ಟ್ ಮಾಡಿ ಮುಂದಿನ ಅಂಗಡಿ. ದಿನವೆಲ್ಲ ತಿರುಗಿದರೂ ನಾಲ್ಕೈದು ಕಿಲೋಮೀಟರ್ ದಾಟುತ್ತಿರಲಿಲ್ಲ. ಗುರುವಾರ ಗಾಡಿ ಮನೆಯ ಮುಂದೆ ನಿಂತಿರುತ್ತಿತ್ತು. ಸಂತೆಗೆ ಹೋಗಲಿಲ್ಲವಾ ಎಂದು ಯಾರಾದರೂ ಕೇಳಿದರೆ, "ಅಲ್ಲೀಗ ವ್ಯಾಪಾರ ಇಲ್ಲ" ಎನ್ನುತ್ತಿದ್ದ.

ಗಾಡಿಯನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳುತ್ತಿದ್ದ. ದಿನಾ ಒರೆಸುವನು. ದಿನಾ ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ಎಳೆದು ನೋಡುವನು. ಹೀಗೆ ನೋಡುತ್ತಿರುವಾಗ ಒಂದು ವಿಚಿತ್ರ ಕಂಡಿತು. ಎಂಜಿನ್ ಆಯಿಲ್ ಇಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಇವನ ಗಾಡಿಯಲ್ಲಿ ಅದು ಏರುತ್ತಿತ್ತು. ಹಾಕಿದವರು ಯಾರೂ ಇಲ್ಲ, ಕಡ್ಡಿಯ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿತ್ತು. ಮೂಸಿ ನೋಡಿದ. ಪೆಟ್ರೋಲ್ ವಾಸನೆ. ಬೆರಳಿಗೆ ಹಚ್ಚಿ ತಿಕ್ಕಿದ. ನೀರಿನಂತೆ ಜಾರಿತು.

ಊರಲ್ಲೇ ಇದ್ದ ಷೋರೂಮಿಗೆ ಹೋದ. ಅಲ್ಲಿಯವರು, ಹೊಸ ಗಾಡಿ, ಸ್ವಲ್ಪ ಹಾಗಿರುತ್ತದೆ ಎಂದರು. ಆಯಿಲ್ ಬದಲಾಯಿಸಿ ಕಳಿಸಿದರು. ತಿಂಗಳೊಳಗೆ ಮತ್ತೆ ಏರಿತು. ಮತ್ತೆ ಹೋದ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೇ ಬದಲಾಯಿಸಿದರು. ಮತ್ತೆ ಏರಿತು. ಇನ್ನೊಬ್ಬ ಗ್ಯಾರೇಜಿನವನು ಎಂಜಿನ್ ಬಿಚ್ಚಬೇಕು ಎಂದ. ಬಿಚ್ಚಿದ. ಒಳಗೆಲ್ಲ ಸರಿಯಾಗಿದೆ ಎಂದು ಮುಚ್ಚಿದ. ಮುಚ್ಚಿದ ಇಪ್ಪತ್ತು ದಿನಕ್ಕೆ ಕಡ್ಡಿ ಮತ್ತೆ ಪೆಟ್ರೋಲ್ ನಾರಿತು. ಈ ಸಲ ಎಂಜಿನ್ ಒಳಗಿನಿಂದ ಕಟಕಟ ಸದ್ದೂ ಬರುತ್ತಿತ್ತು.

ವ್ಯಾಪಾರಿಗೆ ತಲೆ ಕೆಟ್ಟಿತು. ಹೆಂಡತಿ ಹೋದಳು, ಅವಳ ಜೊತೆ ಕೊಂಡ ಗಾಡಿಯೂ ಹೋದರೆ ಏನು ಮಾಡುವುದು. ಗಾಡಿ ಇಲ್ಲದೆ ಸೋಡಾ ಇಲ್ಲ. ಸೋಡಾ ಇಲ್ಲದೆ ಬೆಳಿಗ್ಗೆ ಏಳುವುದಕ್ಕೂ ಅವನಿಗೆ ಕಾರಣ ಉಳಿದಿರಲಿಲ್ಲ.

ಊರಾಚೆ ಗಾಡಿ ರಿಪೇರಿಯ ಒಬ್ಬ ಹಳೆಯ ಮೇಸ್ತ್ರಿ ಇದ್ದ. ಅವನ ಹತ್ತಿರ ಹೋದ. ಮೇಸ್ತ್ರಿ ಕಡ್ಡಿ ಎಳೆದು ಮೂಸಿದ. ಬಾನೆಟ್ ಮುಚ್ಚಿದ.

"ದಿನಾ ಎಷ್ಟು ದೂರ ಓಡಿಸ್ತೀಯ?"

"ನಾಲ್ಕೈದು ಕಿಲೋಮೀಟರ್."

"ಒಂದೇ ಓಟಕ್ಕಾ?"

"ಅಂಗಡಿ ಅಂಗಡಿಗೆ ನಿಲ್ಲಿಸ್ತೀನಿ. ಸುಮ್ಮನೆ ಉರಿಯೋದು ಬೇಡ ಅಂತ ಆಫ್ ಮಾಡ್ತೀನಿ."

"ಯಾವಾಗಿಂದ ಹೀಗಾಯ್ತು?"

"ಶ್ರಾವಣದಿಂದ."

"ಶ್ರಾವಣದಿಂದ ಈಚೆಗೆ ಏನು ಬದಲಾಯ್ತು?"

"ಏನೂ ಇಲ್ಲ" ಎಂದ ವ್ಯಾಪಾರಿ.

ಮೇಸ್ತ್ರಿ ಅವನ ಮುಖ ನೋಡಿದ. ಆಮೇಲೆ ತಿಳಿಸಿ ಹೇಳಿದ. ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಬೇಕು. ಒಳಗೆ ಹೋದದ್ದೆಲ್ಲ ಆಗ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಕೆಳಗಿಳಿದು ಆಯಿಲ್ ಸೇರುತ್ತದೆ. ಅದು ಎಲ್ಲ ಗಾಡಿಯಲ್ಲೂ ಆಗುವುದೇ. ಆದರೆ ದೂರ ಓಡುವ ಗಾಡಿ ಬಿಸಿಯೇರಿ ಕಾಯುತ್ತದೆ, ಆಯಿಲ್ ಕಾಯುತ್ತದೆ, ಸೇರಿದ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಈ ಗಾಡಿ ಕಾಯುವ ಮೊದಲೇ ನಿಲ್ಲುತ್ತಿದೆ. ಸೇರಿದ್ದು ಸೇರಿಯೇ ಇರುತ್ತಿದೆ.

"ಆಯಿಲ್ ತೆಳ್ಳಗಾಗಿದೆ. ಹೀಗೇ ಬಿಟ್ಟರೆ ಎಂಜಿನ್ ಬಿಗಿದು ಹಿಡಿದುಬಿಡುತ್ತೆ. ಈಗ ಹೊಸ ಆಯಿಲ್ ಹಾಕ್ತೀನಿ. ವಾರಕ್ಕೊಂದು ದಿನವಾದರೂ ಗಾಡಿ ಚೆನ್ನಾಗಿ ಕಾಯಬೇಕು. ತಿಳೀತಾ?"

ವ್ಯಾಪಾರಿ ತಲೆಯಾಡಿಸಿದ.

ಆ ಊರಿಗೆ ಒಂದು ಕಡೆ ಹೊಳೆ. ಉಳಿದ ಕಡೆಯೆಲ್ಲ ಎತ್ತಿನ ಗಾಡಿಯ ಹಾದಿ. ನಿಲ್ಲಿಸದೆ ಓಡಿಸುವಂಥ ರಸ್ತೆ ಒಂದೇ ಇತ್ತು. ಅದು ಸಂತೆಯ ಊರಿಗೆ ಹೋಗುತ್ತಿತ್ತು.

ಗುರುವಾರ ಬಂತು. ವ್ಯಾಪಾರಿ ಗಾಡಿ ಸ್ಟಾರ್ಟ್ ಮಾಡಿದ. ಗೇರ್ ಹಾಕಲಿಲ್ಲ. ಮನೆಯ ಮುಂದೆ ನಿಂತಲ್ಲೇ ಉರಿಯಲು ಬಿಟ್ಟು ಕಟ್ಟೆಯ ಮೇಲೆ ಕೂತ. ಒಂದು ಗಂಟೆ ಉರಿಸಿದ. ಮರುದಿನ ಇನ್ನೊಂದು ಗಂಟೆ. ಕಾಯಬೇಕು ಎಂದನಲ್ಲ, ಕಾಯಲಿ ಎಂದುಕೊಂಡ. ಹೀಗೆ ಮೂರು ವಾರ ಮಾಡಿದ. ಕಡ್ಡಿ ಎಳೆದರೆ ಆಯಿಲ್ ಎರಡು ಬೆರಳು ಏರಿತ್ತು. ಸದ್ದು ಜೋರಾಗಿತ್ತು.

ಸೀದಾ ಮೇಸ್ತ್ರಿಯ ಮುಂದೆ ಹೋಗಿ ನಿಲ್ಲಿಸಿ ಕೀಲಿಕೈ ಅವನ ಬೆಂಚಿನ ಮೇಲೆ ಎಸೆದ.

"ನಿನಗೂ ಗೊತ್ತಿಲ್ಲ, ಷೋರೂಮಿನವರಿಗೂ ಗೊತ್ತಿಲ್ಲ. ಕಾಯಿಸು ಅಂದೆ, ಕಾಯಿಸಿದೆ. ಗಂಟೆಗಟ್ಟಲೆ ಕಾಯಿಸಿದೆ."

"ಎಲ್ಲಿಗೆ ಹೋಗಿದ್ದೆ?"

"ಮನೆ ಮುಂದೆ."

ಮೇಸ್ತ್ರಿ ಕೈಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ.

"ಮನೆ ಮುಂದೆ. ಅಲ್ಲಯ್ಯ, ನಿನ್ನನ್ನ ಕಟ್ಟೆ ಮೇಲೆ ಕೂರಿಸಿ ಮೂರು ವಾರ ಅನ್ನ ಹಾಕಿದರೆ ನೀನು ಗಟ್ಟಿ ಆಗ್ತೀಯಾ, ಹೊಟ್ಟೆ ಬರುತ್ತಾ? ನಿಂತಲ್ಲಿ ಉರಿದರೆ ಅದಕ್ಕೆ ಬೇಕಾದಷ್ಟು ಕಾವು ಬರಲ್ಲ. ಪೆಟ್ರೋಲ್ ಇಳೀತಾನೇ ಇರುತ್ತೆ. ಭಾರ ಹೊತ್ತು ನಿಲ್ಲದೆ ಓಡಬೇಕು ಅದು. ಓಡ್ಸೋಕೆ ನಿನಗೇನು ರೋಗ? ರಸ್ತೆ ಇಲ್ವಾ?"

"ಇದೆ."

"ಮತ್ತೆ?"

ವ್ಯಾಪಾರಿ ತಾನು ಎಸೆದ ಕೀಲಿಕೈಯನ್ನು ಬೆಂಚಿನ ಮೇಲೆ ಸರಿಸಿಟ್ಟ. ಆಮೇಲೆ ಹೇಳಿದ: "ಸಂತೆಯವರಿಗೆ ಅವಳು ಹೋದದ್ದು ಗೊತ್ತಿಲ್ಲ."

ಮೇಸ್ತ್ರಿ ಮತ್ತೇನೂ ಬೈಯಲಿಲ್ಲ. ಆಯಿಲ್ ಇಳಿಸಿದ. ಹೊಸದು ಹಾಕಿದ. ಕೀಲಿಕೈ ಒರೆಸಿ ಕೊಟ್ಟ. "ಇನ್ನೊಂದು ಸಲ ಹೀಗೆ ತಂದರೆ ನಾನು ಮುಟ್ಟಲ್ಲ. ತಂದು ಪ್ರಯೋಜನವೂ ಇರಲ್ಲ" ಎಂದ.

ಮುಂದಿನ ಗುರುವಾರ ವ್ಯಾಪಾರಿ ಇಪ್ಪತ್ತು ಕ್ರೇಟು ಏರಿಸಿದ. ಗಾಡಿಯನ್ನು ರಸ್ತೆಗಿಳಿಸಿದ. ಪಕ್ಕದ ಸೀಟು ಖಾಲಿ ಇತ್ತು. ಎರಡು ಸಲ ಗಾಡಿ ತಿರುಗಿಸೋಣ ಎನ್ನಿಸಿತು. ತಿರುಗಿಸಬೇಕಾದರೆ ನಿಲ್ಲಿಸಬೇಕು. ನಿಲ್ಲಿಸಬೇಡ ಎಂದಿದ್ದಾನೆ ಮೇಸ್ತ್ರಿ. ಮೇಸ್ತ್ರಿಯನ್ನು ಬೈಯುತ್ತ ಓಡಿಸಿದ. ಮೂವತ್ತೆಂಟು ಕಿಲೋಮೀಟರೂ ಬೈದ.

ಸಂತೆಯಲ್ಲಿ ಅವರ ಜಾಗ ಹಾಗೇ ಖಾಲಿ ಬಿಟ್ಟಿದ್ದರು. ಪಕ್ಕದಲ್ಲಿ ಹಸಿಮೆಣಸಿನಕಾಯಿ ಮಾರುವ ಹೆಂಗಸು ಇವನನ್ನು ಕಂಡು ಎದ್ದು ನಿಂತಳು.

"ಬಂದೆಯೇನಪ್ಪಾ? ನೀವು ಜಾಗ ಬಿಟ್ಟಿರಿ ಅಂತ ಬೇರೆಯವರು ಬರ್ತಿದ್ದರು, ನಾನೇ ಓಡಿಸಿದೆ. ಎಲ್ಲಿ ನಮ್ಮ ಸೋಡಾ ಅಕ್ಕ? ಗಂಡನ್ನ ಒಬ್ಬನ್ನೇ ಕಳಿಸೋಷ್ಟು ಧೈರ್ಯ ಬಂತಾ ಅವಳಿಗೆ?"

ಅವನು ಕ್ರೇಟು ಇಳಿಸಿದ. ಇನ್ನೊಂದು ಇಳಿಸಿದ. ಅವಳು ಕಾಯುತ್ತಲೇ ಇದ್ದಳು.

"ತೀರಿಕೊಂಡಳು" ಎಂದ.

ಹೆಂಗಸು ತಕ್ಕಡಿ ಕೆಳಗಿಟ್ಟು ಕೂತಳು. ಸೆರಗು ಬಾಯಿಗೆ ಹಿಡಿದಳು. ಆಮೇಲೆ ಕೇಳತೊಡಗಿದಳು. ಯಾವ ವಾರ? ಎಷ್ಟು ಹೊತ್ತಿಗೆ? ಕೊನೆಯಲ್ಲಿ ನೀರು ಯಾರು ಬಿಟ್ಟರು? ಏನಾದರೂ ಅಂದಳಾ? ಅವನಿಗೆ ಓಡಿಹೋಗಬೇಕು ಎನ್ನಿಸಿತು. ಕ್ರೇಟುಗಳೆಲ್ಲ ಇಳಿದಿದ್ದವು. ಒಂದೊಂದಕ್ಕೂ ಉತ್ತರ ಹೇಳಿದ. ಅಷ್ಟರಲ್ಲಿ ಬೆಲ್ಲದವನು ಬಂದ. ಅವನಿಗೂ ಮೊದಲಿನಿಂದ ಹೇಳಬೇಕಾಯಿತು. ಬಳೆಗಾರ್ತಿ ಬಂದಳು. ಚಾಪೆಯವನು ಬಂದ. ಅರ್ಧ ಕೇಳಿದವರಿಗೆ ಮತ್ತೆ ಪೂರ್ತಿ ಹೇಳಬೇಕಾಯಿತು.

"ಇಷ್ಟು ದಿನ ಸೋಡಾ ಅಕ್ಕ ಅಂತಲೇ ಕರೆದೆ" ಎಂದಳು ಮೆಣಸಿನಕಾಯಿಯವಳು. "ಅವಳ ಹೆಸರೇನು?"

ಅವಳು ಬದುಕಿದ್ದಾಗ ಅವನು ಹೆಸರು ಹಿಡಿದು ಕರೆದವನಲ್ಲ. ಸತ್ತ ಮೇಲೆ ಮನೆಯಲ್ಲಿ ಆ ಹೆಸರು ಹೇಳುವವರೂ ಇರಲಿಲ್ಲ.

"ಹಾಲಮ್ಮ" ಎಂದ. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ.

ಆ ದಿನ ಸೋಡಾ ಅಷ್ಟೇನೂ ಖರ್ಚಾಗಲಿಲ್ಲ. ಅವನಿಗೆ ಕೂಗಿ ಮಾರಲು ಬರುತ್ತಿರಲಿಲ್ಲ. ಉಳಿದ ಕ್ರೇಟು ಏರಿಸಿಕೊಂಡು ಹೊರಟ. ದಾರಿಯಲ್ಲಿ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡ, ಗಾಡಿ ನಿಲ್ಲಿಸಲಿಲ್ಲ.

ಮತ್ತೆ ಗುರುವಾರ ಹೋದ. ಅದರ ಮುಂದಿನ ಗುರುವಾರವೂ ಹೋದ. ತಿಂಗಳು ಕಳೆದ ಮೇಲೆ ಮೇಸ್ತ್ರಿ ಕಡ್ಡಿ ಎಳೆದ. ಮೂಸಿದ. ಬಟ್ಟೆಯಿಂದ ಒರೆಸಿ ಅದ್ದಿ ಮತ್ತೆ ಎಳೆದು ನೋಡಿದ. ಆಯಿಲ್ ಗೆರೆಗೆ ಸರಿಯಾಗಿ ನಿಂತಿತ್ತು. ವಾಸನೆ ಇರಲಿಲ್ಲ. ಸದ್ದೂ ಅಡಗಿತ್ತು.

"ಸರಿಹೋಯ್ತು ಹೋಗು" ಎಂದ ಮೇಸ್ತ್ರಿ. ಬೇರೆ ಗಾಡಿಯ ಕೆಳಗೆ ತೂರಿಕೊಂಡ.

ಗುರು ಅಷ್ಟಕ್ಕೆ ನಿಲ್ಲಿಸಿದರು.

ಶಿಷ್ಯನ ಮುಖ ಸಡಿಲವಾಯಿತು. ಒಂದೂವರೆ ವರ್ಷದಲ್ಲಿ ಮೊದಲ ಸಲ ಅವನಿಗೆ ದಾರಿ ಕಂಡಂತಾಯಿತು. "ಹಾಗಾದರೆ ನಾನೂ ಮನೆಯ ಫೋನ್ ಎತ್ತಿದರೆ ಸಾಕು. ಆ ವ್ಯಾಪಾರಿಯ ದುಃಖವೂ ಹೋಯಿತಲ್ಲ, ಗುರುಗಳೇ" ಎಂದ.

"ಗಾಡಿ ಸರಿಹೋಯಿತು ಎಂದಷ್ಟೇ ನಾನು ಹೇಳಿದ್ದು" ಎಂದರು ಗುರು.