ಭರಮ ಕಟ್ಟಿದ ಕೆಂಪು ದಾರ

ನಾನು ಹಿಡಿದ ಬಾಳೆಮೀನಿನ ತಲೆ ದೋಣಿಯಲ್ಲಿದ್ದರೆ ಬಾಲ ಆಚೆ ದಡದಲ್ಲಿರ್ತಿತ್ತು. ಅಂಥ ನಾನೇ ಬೆರಗಾದ ಸಂಗತಿ ಇದು.

ಬೆಸ್ತರ ಮಾಳವ್ವಂಗೆ ಕೆರೆಯೇ ಅನ್ನ, ಪೆದ್ದ ಮಗ ಭರಮನೇ ಚಿಂತೆ. ಒಂದಿನ ಮೀನೆಣಿಸೋ ಸಾಹೇಬ ಬಂದ. "ಮೀನು ಕಮ್ಮಿ ಇದ್ದರೆ ಎರಡು ವರ್ಷ ಬಲೆ ಬಂದ್" ಅಂದ.

"ನೀರೊಳಗಿನದು ಹೆಂಗೆ ಎಣಿಸ್ತೀಯಪ್ಪ?" ಮಾಳವ್ವಂಗೆ ಗುಮಾನಿ.

"ನೂರು ಮೀನಿಗೆ ಕೆಂಪು ದಾರ ಕಟ್ಟಿ ಬಿಡೋದು. ವಾರ ಕಳೆದು ನೂರು ಹಿಡಿಯೋದು. ದಾರದವು ಅಪರೂಪಕ್ಕೆ ಸಿಕ್ಕರೆ ಕೆರೆ ತುಂಬ ಮೀನು. ಬರೀ ದಾರದವೇ ಸಿಕ್ಕರೆ ಇರೋದೇ ಅಷ್ಟು."

ಎಣಿಸಿದ ಮೀನು ಬಲೆಗೆ ಬೀಳಲ್ಲ ಅಂತ ಬೆಸ್ತರ ಅನುಮಾನ. ಬೆಸ್ತರು ಮೋಸ ಮಾಡ್ತಾರೆ ಅಂತ ಸಾಹೇಬನ ಅನುಮಾನ. ಕೊನೆಗೆ ದಾರ ಭರಮನ ಕೈ ಸೇರ್ತು. ಮೋಸ ಮಾಡೋಷ್ಟು ಬುದ್ಧಿ ಅವನೊಬ್ಬನಿಗೇ ಇರಲಿಲ್ಲ.

"ನೂರು ದಾರ ಕಟ್ಟಿ ಬಾ" ಅಂದ ಸಾಹೇಬ. ಭರಮ ಒಂದು ಗೆಂಡೆಮೀನು ಹಿಡಿದು ನೂರೂ ಅದಕ್ಕೇ ಕಟ್ಟಿದ. ಮದುವಣಗಿತ್ತಿ ಹಂಗೆ ನೀರಿಗಿಳೀತು ಅದು.

"ಮಂಕೇ, ಒಂದು ಮೀನಿಗೆ ಒಂದೇ ದಾರ ಕಣೋ" ಅಂತ ಬೈದ ಮಾಳವ್ವ, ಸಾಹೇಬನಿಗೆ ಕಾಣದಂಗೆ ಸೆರಗಿನ ಕೆಂಪು ಅಂಚು ಬಿಚ್ಚಿ ದಾರ ಕೊಟ್ಳು.

ಭರಮ ಅಟ್ಟ ಹತ್ತಿ, ಒಣಮೀನಿಗೆಲ್ಲ ಒಂದೊಂದು ಕಟ್ಟಿ ಕೆರೆಗೆ ಸುರಿದ.

"ಕೋಡಂಗಿ, ಒಣಮೀನು ಈಜುತ್ತೇನೋ? ಈಜೋದನ್ನ ಕಣ್ಣಾರೆ ನೋಡಿ ಕಟ್ಟು" ಅಂತ ಮಾಳವ್ವ ಮತ್ತಷ್ಟು ದಾರ ಬಿಚ್ಚಿ ಕೊಟ್ಳು.

ಕಣ್ಣಾರೆ ನೋಡಿದ. ಕಪ್ಪೆಗೆ ಕಟ್ಟಿದ, ಬಾತುಕೋಳಿಗೆ ಕಟ್ಟಿದ, ಈಜ್ತಿದ್ದ ಗೌಡರ ಎಮ್ಮೆ ಬಾಲಕ್ಕೂ ಕಟ್ಟಿದ. "ಯಾರೋ ಮಾಟ ಮಾಡ್ಸಿದ್ದು?" ಅಂತ ಗೌಡರು ಬಡಿಗೆ ಹಿಡಿದು ಬಂದ್ರು.

"ಬಲೆಗೆ ಬಿದ್ದ ಮೀನಿಗೆ ಕಟ್ಟೋ, ಹೆಡ್ಡ. ಒಂದನ್ನೂ ಬಿಡಬೇಡ" ಅಂತ ಮಾಳವ್ವ ಅಂಚಲ್ಲಿ ಉಳಿದ ದಾರಾನೆಲ್ಲ ಬಿಚ್ಚಿ ಕೊಡೋ ಹೊತ್ತಿಗೆ ವಾರ ಮುಗಿದಿತ್ತು.

ಮಾರನೇ ಬೆಳಿಗ್ಗೆ ಬಲೆ ಎಳೆದರು. ಬುಟ್ಟಿಗೆ ನೂರು ಮೀನು ಬಿತ್ತು. ಒಂದಕ್ಕೂ ದಾರವಿಲ್ಲ. ಬಲೆ ಉಳೀತು ಅಂತ ಮಾಳವ್ವ ಉಸಿರು ಬಿಟ್ಟಳು. ಬೆಸ್ತರು ಏನಾದರೂ ಮಾಡಿಯಾರು ಅಂತ ಸಾಹೇಬ ಅವರ ಕೈಗಳನ್ನೇ ಕಾಯ್ತಾ ನಿಂತ. ಭರಮನ ಮೇಲೆ ಯಾರಿಗೆ ಗುಮಾನಿ? ಅವನು ಬುಟ್ಟಿ ಹತ್ತಿರ ಕೂತು, ಒಂದನ್ನೂ ಬಿಡದೆ ನೂರಕ್ಕೂ ದಾರ ಕಟ್ಟಿದ.

ಸಾಹೇಬ ಬುಟ್ಟಿಗೆ ಬಗ್ಗಿದ. "ಕಟ್ಟಿದ್ದೂ ನೂರು, ಸಿಕ್ಕಿದ್ದೂ ನೂರು. ಕೆರೇಲಿದ್ದ ಮೀನೆಲ್ಲ ಈ ಬುಟ್ಟೀಲಿದೆ. ಕೆರೆ ಖಾಲಿ" ಅಂತ ಬರೆದ.

ಮಾಳವ್ವ ತಲೆ ಮೇಲೆ ಕೈಹೊತ್ತು ಕೂತಳು. ಎರಡು ವರ್ಷಕ್ಕೆ ಉಳಿದಿದ್ದು ಆ ಬುಟ್ಟಿಯೊಂದೇ. ಅವ್ವನ ಕಣ್ಣೀರು ನೋಡಿ ಭರಮನಿಗೆ ತಡೆಯೋಕಾಗಲಿಲ್ಲ. ಬುಟ್ಟಿ ಎತ್ತಿ, ನೂರು ಮೀನನ್ನೂ ನೀರಿಗೆ ಸುರಿದ.

"ಅಳಬೇಡವ್ವ. ಖಾಲಿ ಅಂದ್ರಲ್ಲ, ತುಂಬಿಸಿದೆ."