ಕೆಂಚವ್ವನ ತೋಟಕ್ಕೆ ಹಕ್ಕಿಗಳು ಬಾರದ ವರ್ಷ

ಕಲ್ಲುಗುಡ್ಡಗಳ ನಡುವಿನ ಒಂದು ಕುರುಚಲು ಕಾಡಿನಲ್ಲಿ ಕೆಂಚವ್ವ ಎಂಬ ಮುಳ್ಳುಹಂದಿ ಇದ್ದಳು. ದೊಡ್ಡ ಬಂಡೆಯೊಂದರ ಬುಡದಲ್ಲಿ ಅವಳ ಬಿಲ. ಅವಳ ಗಂಡ ಒಂದು ಬೇಸಿಗೆಯ ಕಾಡುಕಿಚ್ಚಿನಲ್ಲಿ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಬಿಲದೊಳಗೆ ಹೊರಳಿದಾಗ ತನ್ನ ಮುಳ್ಳುಗಳು ಒಂದಕ್ಕೊಂದು ತಾಗಿ ಆಗುವ ಸದ್ದು ಬಿಟ್ಟರೆ ಬೇರೆ ಸದ್ದೇ ಅವಳಿಗೆ ಕೇಳುತ್ತಿರಲಿಲ್ಲ.

ಆ ಮೌನ ತಾಳಲಾರದೆ ಕೆಂಚವ್ವ ಬಿಲದ ಮುಂದೆ ಹೂದೋಟ ಮಾಡಿದಳು. ನೆಲ ಅಗೆಯುವುದನ್ನು ಮುಳ್ಳುಹಂದಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಇಲ್ಲಿ ಬಿದ್ದ ಬೀಜ ತಂದು ಊರಿದಳು. ತಿನ್ನಲೆಂದು ಕಿತ್ತ ಗೆಡ್ಡೆಯನ್ನೂ ಎಷ್ಟೋ ಸಲ ಮಣ್ಣಿಗೇ ಹಾಕಿ, ಅರೆಹೊಟ್ಟೆಯಲ್ಲಿ ಮಲಗಿದಳು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೋಟ ತುಂಬಿಕೊಂಡಿತು. ಮುಂಗಾರು ಬಿದ್ದೊಡನೆ ತುಂಬೆ ಬೆಳ್ಳಗೆ ಅರಳುತ್ತಿತ್ತು. ಶ್ರಾವಣ ಕಳೆದರೆ ಗೌರಿಹೂವು, ಚಳಿ ಬಿದ್ದರೆ ಗೋರಂಟಿ. ಬಿಸಿಲು ಏರಿದಾಗ ಅಲ್ಲಿ ಮೊದಲಿನಿಂದಲೂ ಇದ್ದ ಕಕ್ಕೆಮರ ಹಳದಿ ಗೊಂಚಲು ಇಳಿಬಿಡುತ್ತಿತ್ತು. ಹೂವಿನ ಹಿಂದೆಯೇ ನೆಂಟರು ಬಂದರು. ತುಂಬೆಗೆ ಚಿಟ್ಟೆಗಳು ಮುತ್ತಿದವು. ಸೂರಕ್ಕಿಗಳು ತಲೆಕೆಳಗಾಗಿ ಜೋತು ಜೇನು ಹೀರಿದವು. ಜುಟ್ಟಿನ ಪಿಕಳಾರ ದಂಪತಿ ಕವಳೆಗಿಡದಲ್ಲಿ ಗೂಡು ಕಟ್ಟಿದರು.

ಪಿಕಳಾರಮ್ಮ ದಿನಾ ಬೆಳಿಗ್ಗೆ ಕೇಳುತ್ತಿದ್ದಳು. "ಕೆಂಚಕ್ಕ, ಇವತ್ತು ಏನು ಅರಳಿದೆ?"

"ನೀನೇ ಸುತ್ತಿ ನೋಡಿಕೊಂಡು ಬಾ. ಆಮೇಲೆ ನನಗೂ ಹೇಳು," ಎನ್ನುತ್ತಿದ್ದಳು ಕೆಂಚವ್ವ.

ಅಷ್ಟೇ ಮಾತು. ಆದರೆ ಆ ಮಾತಿಗಾಗಿ ಕೆಂಚವ್ವ ಬೆಳಕು ಹರಿಯುವ ಮೊದಲೇ ಎದ್ದು ಕೂತಿರುತ್ತಿದ್ದಳು.

ಒಂದು ಭಾದ್ರಪದದಲ್ಲಿ ಕಾಜಾಣವೊಂದು ಆ ತೋಟಕ್ಕೆ ಬಂತು. ಮಿರಿಮಿರಿ ಕಪ್ಪು ಮೈ, ಕವಲೊಡೆದ ಉದ್ದ ಬಾಲ. ಕಕ್ಕೆಮರದ ಒಣಕೊಂಬೆಯ ಮೇಲೆ ಕೂತು ತೋಟವನ್ನೆಲ್ಲ ನೋಡಿತು. ಎಲ್ಲಿ ನೋಡಿದರೂ ಹುಳು, ನೊಣ, ಚಿಟ್ಟೆ. ಆದರೆ ಅವನ್ನು ತಿನ್ನುವ ಹಕ್ಕಿಗಳೂ ಅಷ್ಟೇ ಇದ್ದವು.

ಮರುದಿನ ಕೆಂಚವ್ವ ಗೆಡ್ಡೆ ಅಗೆಯಲು ಗುಡ್ಡದ ಆಚೆ ಹೋಗಿ ಬಂದಾಗ ತೋಟದಲ್ಲಿ ಸೂರಕ್ಕಿಗಳಿರಲಿಲ್ಲ. ಮೂರನೆಯ ದಿನ ಪಿಕಳಾರಗಳೂ ಇರಲಿಲ್ಲ. ಗೂಡು ಖಾಲಿಯಾಗಿತ್ತು. ಕೆಂಚವ್ವ ಗಿಡಗಿಡದ ಕೆಳಗೂ ಹುಡುಕಿದಳು.

ಮೇಲಿನಿಂದ ಕಾಜಾಣ ಮೆಲ್ಲನೆ ಹೇಳಿದ. "ಕೆಂಚಕ್ಕ, ಹೇಳಬಾರದು ಅಂತಲೇ ಇದ್ದೆ. ನೀನು ಹುಡುಕುವುದು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಅವರೆಲ್ಲ ಹೋಗಿದ್ದು ನಿನ್ನ ಮುಳ್ಳಿಗೆ ಹೆದರಿ."

"ನನ್ನ ಮುಳ್ಳಿಗಾ? ಇಷ್ಟು ದಿನ ಇಲ್ಲದ ಹೆದರಿಕೆ ಈಗ ಯಾಕೆ?"

"ಮೊನ್ನೆ ಗೂಡಿನ ಕೆಳಗೆ ನಿನ್ನದೊಂದು ಮುಳ್ಳು ಉದುರಿ ಬಿದ್ದಿತ್ತಂತೆ. ಮುಂದೆ ಮರಿಗಳಾದಾಗ ಅವಕ್ಕೆ ಚುಚ್ಚಿದರೆ ಗತಿ ಏನು ಅಂತ ಪಿಕಳಾರಮ್ಮ ಅತ್ತಳು. ನಿನ್ನ ಮುಖ ನೋಡಿ ಹೇಳುವುದು ಹೇಗೆ ಅಂತ ಸುಮ್ಮನೆ ಹೋದಳು."

ಮುಳ್ಳು ಉದುರಿದ್ದು ನಿಜ. ಅದಕ್ಕೇ ಉಳಿದ ಮಾತೂ ನಿಜವೆಂದು ಕೆಂಚವ್ವ ನಂಬಿದಳು.

"ಹೋಗಿ ಕೇಳಿಬರಲಾ?"

"ನೀನು ಹೋದರೆ ಇನ್ನೂ ದೂರ ಓಡುತ್ತಾರೆ ಅಷ್ಟೆ. ಕೆಲವು ದಿನ ಹೊರಗೆ ಕಾಣಿಸಿಕೊಳ್ಳಬೇಡ. ನೀನಿಲ್ಲ ಅಂತ ಗೊತ್ತಾದರೆ ತಾವೇ ಬರುತ್ತಾರೆ."

ಕೆಂಚವ್ವ ಹಾಗೆಯೇ ಮಾಡಿದಳು. ಬಂಡೆಯ ಹಿಂದೆ ಇನ್ನೊಂದು ಬಾಯಿ ತೋಡಿ, ಹೊಟ್ಟೆಪಾಡಿಗೆ ಕತ್ತಲಾದ ಮೇಲೆ ಆ ಕಡೆಯಿಂದಲೇ ಹೋಗಿಬಂದಳು. ಉಳಿದ ಹೊತ್ತೆಲ್ಲ ಬಿಲದ ಆಳದಲ್ಲಿ ಮುದುಡಿ ಕೂತು ಕಿವಿಗೊಟ್ಟಳು. ಒಮ್ಮೆ ಎಲೆ ಸರಿದರೆ ಪಿಕಳಾರಮ್ಮ ಬಂದಳೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ನೋಡಲು ಹೋಗುತ್ತಿರಲಿಲ್ಲ. ತನ್ನ ಮುಳ್ಳುಗಳನ್ನೇ ಹಲ್ಲಿನಿಂದ ಕಚ್ಚಿ ಕೀಳಲು ನೋಡಿದಳು. ನೋವಾಯಿತೇ ಹೊರತು ಕಡಿಮೆಯಾಗಲಿಲ್ಲ.

ಆಶ್ವಯುಜ ಹೋಯಿತು, ಕಾರ್ತಿಕ ಹೋಯಿತು. ಗೋರಂಟಿ ಅರಳಿದ್ದು ಅವಳಿಗೆ ಗೊತ್ತಾದದ್ದು ಗಾಳಿಗೆ ಒಂದು ಹೂವು ಉರುಳಿಕೊಂಡು ಬಿಲದೊಳಕ್ಕೆ ಬಂದಾಗ. ಅವಳು ಅದನ್ನು ಬಾಡುವವರೆಗೂ ಪಕ್ಕದಲ್ಲಿ ಇಟ್ಟುಕೊಂಡಿದ್ದಳು.

ಹೀಗಿರುವಾಗ ಒಂದು ದಿನ ಹಳದಿ ಚಿಟ್ಟೆಯೊಂದು ತಟ್ಟಾಡುತ್ತ ಬಿಲದೊಳಗೆ ನುಗ್ಗಿ ಅವಳ ಬೆನ್ನಿನ ಮುಳ್ಳೊಂದರ ತುದಿಯಲ್ಲಿ ಕೂತಿತು. ಅದರ ಒಂದು ರೆಕ್ಕೆ ಅರ್ಧ ಹರಿದಿತ್ತು. ಕೆಂಚವ್ವ ಉಸಿರು ಬಿಗಿಹಿಡಿದಳು.

"ನಿನಗೆ ನನ್ನ ಮುಳ್ಳಿನ ಹೆದರಿಕೆ ಇಲ್ಲವಾ?" ಎಂದು ಕೊನೆಗೆ ಕೇಳಿದಳು.

"ಈ ಮುಳ್ಳಿನ ಒಳಗೆ ಕಾಜಾಣ ಬರಲಾರ ಅಂತಲೇ ಓಡಿಬಂದೆ," ಎಂದಿತು ಚಿಟ್ಟೆ. "ಮೊದಲಾದರೆ ಇಷ್ಟು ಹಕ್ಕಿಗಳಿದ್ದವು. ಅವು ಒಂದನ್ನೊಂದು ಅಟ್ಟುವ ಗದ್ದಲದಲ್ಲಿ ನಾವು ಕಣ್ಣು ತಪ್ಪಿಸಿ ಬದುಕುತ್ತಿದ್ದೆವು. ಈಗ ಬೆಳಗಿನಿಂದ ಸಂಜೆಯವರೆಗೆ ಅವನೊಬ್ಬನದೇ ಬೇಟೆ."

"ಹಕ್ಕಿಗಳು ನನ್ನಿಂದಾಗಿ ಹೋದವು."

"ಯಾರು ಹೇಳಿದರು? ನೀನು ಗೆಡ್ಡೆಗೆ ಹೋದಾಗಲೆಲ್ಲ ಅವನು ಎಲೆಯ ಮರೆಯಲ್ಲಿ ಕೂತು ಗಿಡುಗನ ದನಿಯಲ್ಲಿ ಕೂಗುತ್ತಿದ್ದ. ಗಿಡುಗ ಬಂತು ಅಂತ ಹಕ್ಕಿಗಳು ಜೀವ ಉಳಿದರೆ ಸಾಕೆಂದು ಹೋದವು. ನಿನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ."

ಕೆಂಚವ್ವ ಚಿಟ್ಟೆಯನ್ನು ಬಿಲದ ಮೂಲೆಯಲ್ಲಿ ಇಳಿಸಿ, ಮುಂದಿನ ಬಾಯಿಯಿಂದ ಹೊರಗೆ ಬಂದಳು. ಎಷ್ಟೋ ದಿನದ ಮೇಲೆ ನೋಡಿದ ಬಿಸಿಲಿಗೆ ಕಣ್ಣು ನೀರಾಡಿತು. ಗೋರಂಟಿ ಸಾಲು ಮುಕ್ಕಾಲು ಪಾಲು ಉದುರಿಹೋಗಿತ್ತು.

"ಯಾಕಪ್ಪ ಸುಳ್ಳು ಹೇಳಿದೆ?" ಎಂದು ಮೇಲೆ ನೋಡಿ ಕೇಳಿದಳು.

ಹೊಟ್ಟೆತುಂಬ ತಿಂದು ದುಂಡಗಾಗಿದ್ದ ಕಾಜಾಣ ನಕ್ಕ. "ಹೇಳುವುದು ನನ್ನ ಕೆಲಸ, ನಂಬಿದ್ದು ನಿನ್ನ ಕೆಲಸ. ಒಂದು ಸಲ ಅವರ ಹತ್ತಿರ ಹೋಗಿ ಕೇಳಿದ್ದರೆ ನನ್ನ ಆಟ ನಡೆಯುತ್ತಿತ್ತಾ?"

ಆ ಮಾತು ಕೆಂಚವ್ವನಿಗೆ ನಾಟಿತು. ಅಷ್ಟರಲ್ಲಿ ಅವಳಿಗೆ ಬಂಡೆಯ ಮೇಲೆ ಒಂದು ನೆರಳು ಜಾರಿದ್ದು ಕಾಣಿಸಿತು. ತಲೆಯೆತ್ತಿದರೆ ನಿಜವಾದ ಗಿಡುಗ, ಸದ್ದಿಲ್ಲದೆ ಕಾಜಾಣನ ಬೆನ್ನ ಹಿಂದಿನಿಂದ ಇಳಿದು ಬರುತ್ತಿತ್ತು.

"ನಿನ್ನ ಹಿಂದೆ ಗಿಡುಗ ಇದೆ," ಎಂದಳು ಕೆಂಚವ್ವ. ಬಾಲದ ಮುಳ್ಳುಗಳನ್ನು ಗಿಲಗಿಲ ಆಡಿಸಿ ಎಚ್ಚರಿಸಿದಳು.

"ನಾನು ಕಲಿಸಿದ ಪಾಠ ನನಗೇ ಒಪ್ಪಿಸುತ್ತೀಯಾ?" ಎಂದ ಕಾಜಾಣ. ತಿರುಗಿ ನೋಡಲೂ ಇಲ್ಲ.

ಗಿಡುಗ ಎರಗಿತು. ಕಾಜಾಣ ಕಿರುಚಿ ಕೊಸರಿಕೊಂಡು ಕಳ್ಳಿಪೊದೆಯೊಳಗೆ ಬಿದ್ದ. ಜೀವ ಉಳಿಯಿತು. ಆದರೆ ಅವನ ಉದ್ದ ಬಾಲ ಪೂರ್ತಿ ಗಿಡುಗನ ಉಗುರಿಗೆ ಹೋಯಿತು. ಬಾಲವಿಲ್ಲದ ಕಾಜಾಣ ಗಾಳಿಯಲ್ಲಿ ಹೊರಳಿ ನೊಣ ಹಿಡಿಯಲಾರ. ಹೊಟ್ಟೆಗಿಲ್ಲದೆ ಎರಡು ದಿನ ಪೊದೆಯೊಳಗೆ ಕೂತು ನರಳಿದ.

"ಒಂದು ಹಕ್ಕಿಯಾದರೂ ಕೂಗಿ ಎಚ್ಚರಿಸಲಿಲ್ಲವಲ್ಲ, ಕೆಂಚಕ್ಕ," ಎಂದ.

"ನಾನು ಹೇಳಿದ್ದನ್ನು ನೀನು ನಂಬಲಿಲ್ಲ. ಗಿಡುಗ ದೂರದಲ್ಲಿ ಇರುವಾಗಲೇ ಕೂಗುವವರನ್ನು ನೀನೇ ಓಡಿಸಿದ್ದೆ," ಎಂದಳು ಕೆಂಚವ್ವ.

ಮೂರನೆಯ ದಿನ ಅವನು ಕುಪ್ಪಳಿಸುತ್ತ ಗುಡ್ಡ ಇಳಿದು ಹೋದ. ಮತ್ತೆ ಆ ಕಡೆ ಯಾರಿಗೂ ಕಾಣಿಸಲಿಲ್ಲ.

ಹರಿದ ರೆಕ್ಕೆಯ ಚಿಟ್ಟೆ ಒಂದು ವಾರ ಕೆಂಚವ್ವನ ಜೊತೆಗಿದ್ದು ಸತ್ತುಹೋಯಿತು. ಅದನ್ನು ತುಂಬೆಗಿಡದ ಬುಡದಲ್ಲಿ ಮಣ್ಣು ಮಾಡಿ ಅವಳು ಪಿಕಳಾರಮ್ಮನನ್ನು ಹುಡುಕಿಕೊಂಡು ಹೊರಟಳು. ಕಾಲು ಗಿಡ್ಡ, ದಾರಿ ಉದ್ದ. ಎರಡು ಹಳ್ಳ ದಾಟಿ ಹೋದಮೇಲೆ ಒಂದು ಬೋರೆಗಿಡದಲ್ಲಿ ಅವಳು ಸಿಕ್ಕಳು.

ನಡೆದದ್ದನ್ನೆಲ್ಲ ಕೇಳಿ ಪಿಕಳಾರಮ್ಮ ಹೇಳಿದಳು. "ಒಂದು ಸಲ ಹೆದರಿಕೆ ಬಿಟ್ಟು ಬಂದಿದ್ದೆ ಅಕ್ಕ. ನೀನು ಹೊರಗೇ ಬರಲಿಲ್ಲ. ಹೇಳದೆ ಹೋದದ್ದಕ್ಕೆ ನಿನಗೆ ಬೇಸರ ಅಂದುಕೊಂಡೆ."

"ನಾನು ಒಳಗೇ ಇದ್ದೆ," ಎಂದಳು ಕೆಂಚವ್ವ. "ಎಲೆ ಸರಿದದ್ದು ಕೇಳಿಸಿತ್ತು."

ಪಿಕಳಾರಮ್ಮ ತನ್ನ ಹೊಸ ಗೂಡಿನ ಕಡೆ ನೋಡಿದಳು.

"ಈಗ ಇಲ್ಲಿ ಮೊಟ್ಟೆ ಇಟ್ಟಿದ್ದೇನೆ. ಈ ವರ್ಷ ಗೂಡು ಬಿಟ್ಟು ಬರುವ ಹಾಗಿಲ್ಲ."

"ಬೇಡ. ಮೊಟ್ಟೆ ತಣ್ಣಗಾಗಬಾರದು," ಎಂದು ಕೆಂಚವ್ವ ಬಂದ ದಾರಿಯಲ್ಲೇ ಒಬ್ಬಳೇ ಹಿಂತಿರುಗಿದಳು.

ಆಮೇಲೆ ಅವಳು ಬಿಲದ ಆಳದಲ್ಲಿ ಕೂರಲಿಲ್ಲ. ಯಾರೂ ಬಾರದಿದ್ದರೂ ಹೊರಗೆ ಬಂದು ಗಿಡಗಳ ಬುಡ ಕೆದಕಿದಳು, ಕಳೆ ಕಿತ್ತಳು. ಚೈತ್ರದಲ್ಲಿ ಕಕ್ಕೆ ಅರಳಿತು. ಒಂದು ಮಧ್ಯಾಹ್ನ ಅವಳು ಆ ಮರದ ನೆರಳಿನಲ್ಲಿ ಕೂತಿದ್ದಾಗ, ಇನ್ನೂ ಜುಟ್ಟು ಸರಿಯಾಗಿ ಮೂಡದ ಎರಡು ಪಿಕಳಾರದ ಮರಿಗಳು ಎದುರಿಗೆ ಬಂದು ಇಳಿದವು.

"ಅಮ್ಮ ಕಳಿಸಿದಳು," ಎಂದಿತು ಒಂದು. "ಇಲ್ಲಿ ಮುಳ್ಳಿನ ದೊಡ್ಡಮ್ಮ ಇದ್ದಾಳೆ, ಅವಳ ಹತ್ತಿರ ಹೆದರಬೇಡಿ ಅಂದಳು."

ಕೆಂಚವ್ವ ಮುಳ್ಳುಗಳನ್ನು ಮೈಗೆ ಒತ್ತಿಕೊಂಡು, ನೆರಳಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಮರಿಗಳಿಗೆ ಜಾಗ ಮಾಡಿಕೊಟ್ಟಳು.

ನೀತಿ: ನಮ್ಮವರ ಬಗ್ಗೆ ಮೂರನೆಯವರು ಹೇಳಿದ್ದನ್ನು ನಂಬಿ ಒಳಗೇ ಕೊರಗಬಾರದು, ಹೋಗಿ ಅವರನ್ನೇ ಕೇಳಬೇಕು. ಎಲ್ಲವೂ ತನಗೊಬ್ಬನಿಗೇ ಬೇಕೆಂದು ಉಳಿದವರನ್ನು ಓಡಿಸಿದವನಿಗೆ ಆಪತ್ತಿನ ಹೊತ್ತಿಗೆ ಯಾರೂ ಇರುವುದಿಲ್ಲ.